ಪ್ರದಕ್ಷಿಣೆಯಲ್ಲಿ ತಪ್ಪಿಹೋದ ಗಂಡು

ನಿನ್ನೆ ಸಂಜೆ ಸೊಸೆ ಸುಮಾ ನಮ್ಮ ಬಡಾವಣೆಯ ದೇವಸ್ಥಾನದಿಂದ ಬರುವಾಗ ದೊನ್ನೆಯಲ್ಲಿ ಸಿಹಿ ಪೊಂಗಲ್ ತಂದಳು. ನಾವು ಮೈಸೂರಿನ ಅಂಚಿನ ಈ ದಟ್ಟಗಳ್ಳಿಗೆ ಬಂದಮೇಲೆ ಎದ್ದ ದೇವಸ್ಥಾನ ಅದು. ಗೋಪುರದ ಬಣ್ಣ ಇನ್ನೂ ಕಣ್ಣಿಗೆ ಹೊಡೆಯುವ ಹಾಗಿದೆ. ಪೊಂಗಲ್ ಬಗ್ಗೆ ನನಗೇನೂ ದೊಡ್ಡ ಆಸೆ ಇರಲಿಲ್ಲ. ಸಕ್ಕರೆ ಕಾಯಿಲೆಯವರು ಅಂಥ ಆಸೆ ಇಟ್ಟುಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮೇಲೆ ಮುಚ್ಚಿದ್ದ ಎಲೆ ತೆಗೆದೊಡನೆ ಪಚ್ಚಕರ್ಪೂರದ ವಾಸನೆ ಗಮ್ಮೆಂದು ಬಂತು ನೋಡಿ, ಡಾಕ್ಟರೂ ಮರೆತುಹೋದರು, ದಟ್ಟಗಳ್ಳಿಯೂ ಮರೆತುಹೋಯಿತು. ಕುಳಿತ ಕುರ್ಚಿಯಲ್ಲೇ ನಾನು ಮೈಸೂರಿನ ಕೋಟೆಯೊಳಕ್ಕೆ ಹೋಗಿಬಿಟ್ಟಿದ್ದೆ, ಪಕ್ಕದಲ್ಲಿ ನನ್ನ ಕೈ ಹಿಡಿದುಕೊಂಡು ಪುಟ್ಟತ್ತೆ.

ಪುಟ್ಟತ್ತೆ ಎಂದರೆ ನಮ್ಮಪ್ಪನ ಅಕ್ಕ. ಹೆಸರು ಪುಟ್ಟಮ್ಮ, ಆಳು ಮಾತ್ರ ಪುಟ್ಟದಲ್ಲ. ನಮ್ಮದು ನಂಜನಗೂಡಿನ ರಸ್ತೆಯ ಒಂದು ಹಳ್ಳಿಯ ಬೇಸಾಯದ ಮನೆತನ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮಪ್ಪ ನೇಗಿಲನ್ನು ತಮ್ಮನಿಗೆ ಬಿಟ್ಟು, ಸಂತೆಪೇಟೆಯಲ್ಲಿ ಅಕ್ಕಿ ರಾಗಿಯ ಅಂಗಡಿ ಹಾಕಿದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಪುಟ್ಟತ್ತೆಯೂ ನಮ್ಮ ಜೊತೆಗೇ ಪಟ್ಟಣ ಸೇರಿದರು. ಮನೆಯ ಬೀಗದ ಕೈ, ಉಪ್ಪಿನಕಾಯಿ ಭರಣಿ, ನಮ್ಮಪ್ಪನ ಕೋಪ, ಮೂರೂ ಅವರ ಸುಪರ್ದಿನಲ್ಲಿದ್ದವು. ಸಂಜೆ ದೀಪ ಹಚ್ಚುವ ಮುಂಚೆ ಒಂದು ದೇವಸ್ಥಾನ ಆಗಲೇಬೇಕು. ಜೊತೆಗೆ ನಾನೂ ಆಗಲೇಬೇಕು.

ಆಗಿನ ಮೈಸೂರಿನಲ್ಲಿ ಸಂಜೆ ನಡೆಯುವುದೇ ಒಂದು ಸುಖ. ಅರಮನೆಯ ಸುತ್ತಮುತ್ತ ಎತ್ತ ತಿರುಗಿದರೂ ಒಂದು ಹಳೆಯ ಗುಡಿ. ಕಲ್ಲಿನ ನೆಲ ಬಿಸಿಲು ಇಳಿದರೂ ಬೆಚ್ಚಗಿರುತ್ತಿತ್ತು, ಒಳಗೆ ಕಾಲಿಟ್ಟರೆ ತಣ್ಣಗೆ. ಪುಟ್ಟತ್ತೆಗೆ ಶಿವ, ವಿಷ್ಣು ಎಂಬ ಭೇದ ಇರಲಿಲ್ಲ. ಒಂದೊಂದು ದೇವರಿಗೆ ಒಂದೊಂದು ಇಲಾಖೆ ವಹಿಸಿಕೊಟ್ಟಿದ್ದರು: ಆಂಜನೇಯನಿಗೆ ಮಂಡಿನೋವು, ಈಶ್ವರನಿಗೆ ನಮ್ಮಪ್ಪನ ವ್ಯಾಪಾರ, ಕೃಷ್ಣನಿಗೆ ಹಸು ಕರುಗಳ ವಿಚಾರ. ದೊಡ್ಡ ತಕರಾರುಗಳನ್ನೆಲ್ಲ ಆಷಾಢದವರೆಗೆ ಕೂಡಿಟ್ಟುಕೊಂಡು ಬೆಟ್ಟ ಹತ್ತಿ ಚಾಮುಂಡಿಗೇ ಒಪ್ಪಿಸುತ್ತಿದ್ದರು. ನನ್ನ ಭಕ್ತಿ ಇಷ್ಟು ವಿಸ್ತಾರವಾದದ್ದಲ್ಲ. ಯಾವ ಗುಡಿಯಲ್ಲಿ ಯಾವ ವಾರ ಪುಳಿಯೋಗರೆ, ಎಲ್ಲಿ ತರಕಾರಿ ಬೆರೆಸಿದ ಕದಂಬದ ಅನ್ನ, ಎಲ್ಲಿ ಬರೀ ತುಳಸಿ ಎಂಬುದು ನನಗೆ ಬಾಯಿಪಾಠವಾಗಿತ್ತು. ತುಳಸಿ ಮಾತ್ರ ಕೊಡುವ ದೇವರುಗಳ ಬಗ್ಗೆ ನನಗೆ ಗೌರವವಿತ್ತು, ಅಷ್ಟೆ.

ದಾರಿಯುದ್ದಕ್ಕೂ ಪುಟ್ಟತ್ತೆ ಅಂಗಡಿಗಳ ಬೋರ್ಡು ಓದುತ್ತಿದ್ದರು. ಮೂರನೆಯ ಕ್ಲಾಸಿನಲ್ಲಿದ್ದಾಗ ಅವರನ್ನು ಶಾಲೆ ಬಿಡಿಸಿ ಮದುವೆ ಮಾಡಿದ್ದರಂತೆ. ಆಗ ಕಲಿತ ಅಕ್ಷರ ಎಲ್ಲಿ ಓಡಿಹೋದೀತೋ ಎಂದು ಒಂದೊಂದನ್ನೂ ಜೋರಾಗಿ ಕೂಗಿ ಹಿಡಿದುಕೊಳ್ಳುತ್ತಿದ್ದರು. “ಕಾ... ಫಿ... ಪು... ಡಿ. ಕಾಪಿಪುಡಿ ಕಣ್ ಮಗ!” ಎಂದು ಗೆದ್ದ ಮುಖ ಮಾಡಿ ನನ್ನ ಕಡೆ ನೋಡುವರು. ದಿನವೂ ಅದೇ ಬೋರ್ಡು, ದಿನವೂ ಅದೇ ಗೆಲುವು. ಕಾಲೇಜಿಗೆ ಹೋಗುವ ಹುಡುಗಿ ನಾನು, ಯಾರಾದರೂ ಗೆಳತಿಯರು ಕಂಡಾರೆಂದು ನನಗೆ ನಾಚಿಕೆ.

ಆದರೆ ನನ್ನ ಓದಿನ ಬಗ್ಗೆ ಅವರಿಗಿದ್ದ ಹೆಮ್ಮೆಗೆ ಮಿತಿಯಿರಲಿಲ್ಲ. ಒಂದು ಗುಡಿಯ ಗೋಡೆಯಲ್ಲಿ ಹಳೆಗನ್ನಡದ ಶಾಸನವಿತ್ತು. ಅರ್ಚಕರೇ, “ಅದು ಯಾರಿಗೂ ಬರಲ್ಲ ಕಣಮ್ಮ” ಎಂದರೂ ಪುಟ್ಟತ್ತೆ ಬಿಡಲಿಲ್ಲ.

“ನಮ್ಮ ಮಗ ಬಿ.ಎ. ಓದ್ತಾ ಅದೆ ಬುಡಿ ಸ್ವಾಮಿ, ಅದು ಓದ್ತದೆ. ಓದು ಮಗ.”

ನಾನು ಕಲ್ಲಿನ ಮೇಲೆ ಗಂಭೀರವಾಗಿ ಬೆರಳಾಡಿಸಿ, “ಯಾರೋ ದೊರೆ ಯಾವುದೋ ಊರು ದಾನ ಕೊಟ್ಟರಂತೆ” ಎಂದೆ. ಶಾಸನ ಎಂದಮೇಲೆ ಸಾಮಾನ್ಯವಾಗಿ ಅದೇ ಇರುತ್ತದೆ ಎಂಬ ಧೈರ್ಯ. ಪುಟ್ಟತ್ತೆಗೆ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ, ನಮ್ಮ ಮಗ ಕಲ್ಲಲ್ಲಿ ಬರೆದದ್ದನ್ನೂ ಓದುತ್ತದೆ ಎಂದು ಹೇಳಿಕೊಂಡು ತಿರುಗಿದರು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ನನಗೊಂದು ಗಂಡು ಬಂತು. ಮಂಡ್ಯದ ಕಡೆಯ ಅನುಕೂಲಸ್ಥರು, ಹುಡುಗ ಓವರ್‌ಸಿಯರ್. ಯಾವುದೋ ಅಣೆಕಟ್ಟಿನ ಕೆಲಸಕ್ಕೆ ವರ್ಗವಾಗಿದೆ, ಹೊರಡುವ ಮೊದಲೇ ಮದುವೆ ಮುಗಿಯಬೇಕು ಎಂಬುದು ಅವರ ಷರತ್ತು. ನನ್ನ ಪರೀಕ್ಷೆ ಮಾರ್ಚಿನಲ್ಲಿ, ಮದುವೆ ಅದಕ್ಕೂ ಮೊದಲು. “ಪರೀಕ್ಷೆ ಏನು, ಆಮೇಲೆ ಯಾವತ್ತಾದ್ರೂ ಕಟ್ಟಿದ್ರಾಯ್ತು” ಎಂದರು ಅಪ್ಪ, ರಾಗಿ ಮೂಟೆ ನಾಳೆ ಕಟ್ಟಿದರಾಯಿತು ಎನ್ನುವ ಹಾಗೆ. ಮದುವೆಯಾದ ಹುಡುಗಿ ಮತ್ತೆ ಪರೀಕ್ಷೆಗೆ ಕೂತದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಹುಡುಗ ನೋಡಿ ಒಪ್ಪಿದರೆ ನನ್ನ ಓದು ಅಲ್ಲಿಗೆ ಮುಗಿಯಿತು. ಒಪ್ಪದಿರಲು ಕಾರಣವೂ ಕಾಣಲಿಲ್ಲ. ಆಗ ನಾನು ನೋಡಲು ಚೆನ್ನಾಗಿಯೇ ಇದ್ದೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾಲ್ಕು ದಿನ ಅಳುತ್ತ ಕೂತೆ. ಊಟ ಬಿಡೋಣ ಎಂದುಕೊಂಡೆ, ಆದರೆ ಆ ವಾರ ಮನೆಯಲ್ಲಿ ಅವರೆಕಾಳಿನ ಸಾರು.

ಮನೆಗೇ ಕರೆಸಿ ಉಪ್ಪಿಟ್ಟು ಕೇಸರಿಬಾತು ಮಾಡೋಣ ಎಂದರು ಅಪ್ಪ. ಆಗ ಪುಟ್ಟತ್ತೆ ಮಧ್ಯೆ ಬಂದರು.

“ಮನೆಗೆ ಬ್ಯಾಡ ಕಣ್ಲಾ. ನಾಳೆ ಅವ್ರು ಒಪ್ನಿಲ್ಲ ಅಂದ್ರೆ ಬೀದಿಯೋರೆಲ್ಲ ಆಡ್ಕತಾರೆ. ದೇವಸ್ಥಾನದಲ್ಲಿ ನೋಡ್ಲಿ. ದೇವ್ರಿಗೆ ಬಂದಂಗೆ ಬಂದು, ನೋಡ್ಕೊಂಡು ಓಗ್ಲಿ.”

ಇದೇನೂ ಅವರು ಕಂಡುಹಿಡಿದದ್ದಲ್ಲ. ಗುಡಿಯಲ್ಲಿ ಆಕಸ್ಮಿಕವಾಗಿ ಎದುರಾದವರ ಹಾಗೆ ನಟಿಸಿ ಹೆಣ್ಣು ನೋಡುವುದು ಆಗ ಮೈಸೂರಿನಲ್ಲಿ ನಡೆಯುತ್ತಲೇ ಇತ್ತು. ಒಪ್ಪಿದರೆ ಮಾತುಕತೆ, ಒಪ್ಪದಿದ್ದರೆ ಯಾರೂ ಯಾರನ್ನೂ ನೋಡಲೇ ಇಲ್ಲ. ಯಾರ ಮಾನವೂ ಹೋಗುವುದಿಲ್ಲ. ಅಪ್ಪನಿಗೂ ಸರಿ ಎನ್ನಿಸಿತು, ಆದರೆ ತಾವೂ ಬರುತ್ತೇನೆಂದರು.

“ನೀನು ಬಂದ್ರೆ ಅದು ಎಣ್ಣು ನೋಡೋ ಶಾಸ್ತ್ರವೇ ಆಗೋಯ್ತದೆ. ನೀನು ಅಂಗಡಿ ನೋಡ್ಕೊ. ಆ ಕಡೆಯಿಂದ ಉಡ್ಗ, ಅವ್ರವ್ವ. ಈ ಕಡೆಯಿಂದ ನಾನು, ನನ್ ಮಗ. ಸಾಕು.”

ಆಮೇಲೆ ಒಳಗೆ ಬಂದು, ನನ್ನ ಊದಿದ ಕಣ್ಣು ನೋಡಿ, “ಪರೀಕ್ಷೆ ಯಾವಾಗ ಅಂದೆ ಮಗ?” ಎಂದು ಕೇಳಿದರು. ಹೇಳಿದೆ. “ಓದ್ಕೊ ಓಗು” ಎಂದು ಅಡುಗೆಮನೆಗೆ ಹೋದರು. ಇವರೂ ಅಪ್ಪನ ಕಡೆಯೇ ಎಂದು ನನಗೆ ಇನ್ನಷ್ಟು ಅಳು ಬಂತು.

ಗಂಡಿನವರಿಗೆ ಪುಟ್ಟತ್ತೆ ಹೇಳಿಕಳುಹಿಸಿದ ಏರ್ಪಾಡು ಹೀಗಿತ್ತು. ಶುಕ್ರವಾರ ಸಂಜೆ ಕೋಟೆಯೊಳಗಿನ ಒಂದು ಗುಡಿ. ಯಾವುದೆಂದು ಹೇಳುವುದಿಲ್ಲ, ಅಲ್ಲಿಯ ದೇವರಿಗೆ ಮುಜುಗರವಾಗಬಾರದು. ನನ್ನದು ಹಸಿರು ಸೀರೆ, ಹುಡುಗನದು ಕರಿಯ ಕೋಟು. ಎದುರುಬದುರು ನಿಂತು ಕಾಯಬಾರದು, ಜನ ಏನೆಂದುಕೊಂಡಾರು. ಬಂದವರು ಬಂದ ಹಾಗೆ ಪ್ರದಕ್ಷಿಣೆ ಹಾಕುತ್ತಿರಬೇಕು. ಹಾಗೆ ಹಾಕುವಾಗ ಒಬ್ಬರಿಗೊಬ್ಬರು ಎದುರು ಸಿಗುತ್ತಾರೆ, ನೋಡಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಹುಡುಗನ ತಾಯಿಯೂ ದೈವಭಕ್ತೆ. ಬಹಳ ಚೆಂದದ ಯೋಚನೆ ಎಂದು ಹೇಳಿಕಳುಹಿಸಿದರಂತೆ.

ನಾವು ಹೋದಾಗ ಗುಡಿಯಲ್ಲಿ ಹೆಚ್ಚು ಜನರಿರಲಿಲ್ಲ. ಗರ್ಭಗುಡಿಯ ಸುತ್ತ ಕಲ್ಲುಹಾಸಿನ ದೊಡ್ಡ ಪ್ರಾಕಾರ. ನಾವು ಮೊದಲ ಮೂಲೆ ತಿರುಗಿದಾಗ, ಮುಂದಿನ ಮೂಲೆಯಲ್ಲಿ ಒಂದು ಕರಿಯ ಕೋಟಿನ ಮೊಣಕೈ ಮರೆಯಾಯಿತು. ಪಕ್ಕದಲ್ಲಿ ಕೆಂಪು ಸೀರೆಯ ಸೆರಗು. ಆ ಮೂಲೆ ತಿರುಗಿದರೆ ಮತ್ತೆ ಮುಂದಿನ ಮೂಲೆಯಲ್ಲಿ ಅದೇ ಮೊಣಕೈ. ಇನ್ನೊಂದು ಸುತ್ತು. ಮತ್ತೆ ಮೊಣಕೈ. ಆಗ ನನಗೆ ಹೊಳೆಯಿತು, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೆ. ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುವುದಲ್ಲವೇ ಪ್ರದಕ್ಷಿಣೆ? ಅವರೂ ಅತ್ತಲೇ, ನಾವೂ ಅತ್ತಲೇ. ಹೀಗೆ ಸುತ್ತಿದರೆ ಎದುರು ಸಿಗುವುದು ಯಾವ ಜನ್ಮಕ್ಕೆ! ಉಲ್ಟಾ ತಿರುಗುವ ಹಾಗಿಲ್ಲ, ಅದು ಅಪಚಾರ. ನಡುವೆ ನಿಲ್ಲುವ ಹಾಗಿಲ್ಲ, ಸುತ್ತು ಕೆಡುತ್ತದೆ. ಬೇಗ ನಡೆದು ಹಿಂದಿನಿಂದ ಹಿಡಿಯೋಣ ಎಂದರೆ ಹೆಣ್ಣೇ ಗಂಡನ್ನು ಅಟ್ಟಿಸಿಕೊಂಡು ಹೋದ ಹಾಗಾಗುತ್ತದೆ.

ಪುಟ್ಟತ್ತೆ ಮಾತ್ರ ಅರ್ಧ ಕಣ್ಣು ಮುಚ್ಚಿ, ಏನೋ ಗುಣುಗುಟ್ಟುತ್ತ, ನನ್ನ ಕೈಯನ್ನು ಬಿಗಿಯಾಗಿ ಹಿಡಿದು ನಡೆಯುತ್ತಿದ್ದರು. ಮಂಡಿನೋವಿನವರು ಅವತ್ತು ಎಷ್ಟು ಚುರುಕು! ಒಮ್ಮೆ ಆ ಕಡೆಯ ಹೆಜ್ಜೆ ನಿಧಾನವಾದ ಹಾಗೆ ಕಂಡಿತು. ಇವರೂ ನಿಧಾನವಾದರು. ಅವರು ಬೇಗವಾದರು, ಇವರೂ ಬೇಗ. ಅತ್ತೆಗೆ ಹೇಳಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದೆ. ಹೇಳಿದರೆ ಮದುವೆ, ಹೇಳದಿದ್ದರೆ ಪರೀಕ್ಷೆ. ಬಾಯಿ ಮುಚ್ಚಿಕೊಂಡು ಸುತ್ತಿದೆ. ಅಷ್ಟು ಮನಸ್ಸಿಟ್ಟು ನಾನು ಎಂದೂ ಪ್ರದಕ್ಷಿಣೆ ಹಾಕಿದವಳಲ್ಲ.

ಅಷ್ಟರಲ್ಲಿ ಮಂಗಳಾರತಿಯ ಗಂಟೆ ಹೊಡೆಯಿತು. ಶುಕ್ರವಾರದ ಜನ ಹೊಳೆಯ ಹಾಗೆ ಒಳಕ್ಕೆ ನುಗ್ಗಿತು. ಹಸಿರು ಸೀರೆ, ಕರಿಯ ಕೋಟು ಎಷ್ಟು ಬೇಕು ನಿಮಗೆ! ತೀರ್ಥ ಪ್ರಸಾದ ತೆಗೆದುಕೊಂಡಿದ್ದೇ ಪುಟ್ಟತ್ತೆ ನನ್ನನ್ನು ಪಕ್ಕದ ಬಾಗಿಲಿನಿಂದ ಹೊರಗೆ ಕರೆದುಕೊಂಡು ಬಂದುಬಿಟ್ಟರು. ಅಂಗೈಯಲ್ಲಿ ಪಚ್ಚಕರ್ಪೂರದ ಘಮ ಹಾಗೇ ಇತ್ತು. ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, ತಮ್ಮ ಪಾಲಿನ ಪ್ರಸಾದವನ್ನೂ ನನ್ನ ದೊನ್ನೆಗೇ ಹಾಕಿದರು.

“ತಿನ್ನು ಮಗ. ಸುತ್ತಿ ಸುತ್ತಿ ಅಸ್ದಿರ್ತೀಯ.”

ಮನೆಗೆ ಬಂದಮೇಲೆ ಅಪ್ಪ ಕೂಗಾಡಿದರು. ಪುಟ್ಟತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, “ದೇವ್ರು ಕೂಡಿಸ್ನಿಲ್ಲ ಕಣ್ಲಾ, ನಾನೇನ್ ಮಾಡ್ಲಿ?” ಎಂದು ಒಂದೇ ಮಾತು. ಗಂಡಿನವರೂ ಹಾಗೆಯೇ ತಿಳಿದರು. ಅಷ್ಟು ಸುತ್ತಿದರೂ ದೇವರು ಮುಖ ತೋರಿಸಲಿಲ್ಲ, ಇದು ಒಳ್ಳೆಯ ಸೂಚನೆಯಲ್ಲ ಎಂದು ಬೇರೆ ಕಡೆ ಹೆಣ್ಣು ನೋಡಿ, ಮದುವೆ ಮುಗಿಸಿಕೊಂಡು ಹೊರಟೇಬಿಟ್ಟರು. ಇವತ್ತಿಗೂ ಆತನ ಮುಖ ನನಗೆ ಗೊತ್ತಿಲ್ಲ. ಮೊಣಕೈ ಗೊತ್ತು. ನಾನು ಪರೀಕ್ಷೆ ಬರೆದೆ, ಪಾಸಾದೆ, ಹುಡುಗಿಯರ ಹೈಸ್ಕೂಲಿನಲ್ಲಿ ಮೇಡಮ್ ಆದೆ. ಮುಂದಿನ ಗಂಡು ನೇರವಾಗಿ ಮನೆಗೇ ಬಂದು, ಕೇಸರಿಬಾತು ಎರಡು ಸಲ ಹಾಕಿಸಿಕೊಂಡಿತು. ಅವರೇ ಈಗ ಪಕ್ಕದ ಕೋಣೆಯಲ್ಲಿ ಪತ್ರಿಕೆಯನ್ನು ಮುಖದ ಮೇಲೆ ಹರಡಿಕೊಂಡು ಓದುತ್ತಿದ್ದಾರೆ.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂಡ. ಪಾಪ ನಮ್ಮ ಪುಟ್ಟತ್ತೆ, ಜೀವಮಾನವೆಲ್ಲ ಗುಡಿ ಸುತ್ತಿದರೂ ಇಷ್ಟು ತಿಳಿಯಲಿಲ್ಲ ಎಂದು ಕೊನೆಯಲ್ಲಿ ಸೇರಿಸುತ್ತೇನೆ, ಎಲ್ಲರೂ ನಗುತ್ತಾರೆ. ನಿನ್ನೆ ಪೊಂಗಲ್ ತಿನ್ನುತ್ತ ಸುಮಾಳಿಗೂ ಹೇಳಿದೆ. ಅವಳೂ ನಕ್ಕಳು. ನಕ್ಕು, ದೊನ್ನೆ ತೆಗೆದುಕೊಂಡು ಎದ್ದವಳು ಬಾಗಿಲ ಹತ್ತಿರ ನಿಂತಳು.

“ಅಲ್ಲ ಅತ್ತೆ, ದಿನಾ ಪ್ರದಕ್ಷಿಣೆ ಹಾಕೋರಿಗೆ ಅದು ಗೊತ್ತಿಲ್ದೆ ಇರತ್ತಾ?”

ಅಷ್ಟು ಹೇಳಿ ಅವಳು ಒಳಗೆ ಹೋದಳು. ನಾನು ಒಂದೊಂದೇ ಬೆರಳು ಮಡಿಚಿ ಎಣಿಸಿದೆ. ಅಪ್ಪನನ್ನು ಅಂಗಡಿಯಲ್ಲೇ ಕೂರಿಸಿದ್ದು, ಪರೀಕ್ಷೆ ಯಾವಾಗ ಎಂದು ಕೇಳಿದ್ದು, ಆ ಮಂಡಿಯಲ್ಲಿ ಆ ಚುರುಕು ನಡಿಗೆ, ಪಕ್ಕದ ಬಾಗಿಲು, ತಮ್ಮ ಪಾಲಿನ ಪ್ರಸಾದ. ಕಲ್ಲಿನ ಶಾಸನ ಓದುತ್ತೇನೆಂದು ಹೆಸರು ಪಡೆದವಳು ನಾನು. ಇದೊಂದನ್ನು ಓದಲು ನನಗೆ ಇಷ್ಟು ವರ್ಷ ಬೇಕಾಯಿತು. ಪುಟ್ಟತ್ತೆ, ಒಂದು ಮಾತು ಹೇಳಬಾರದಿತ್ತೇ? ಆದರೆ ಹೇಳಿದ್ದರೆ ನಾನು ಅಂದೇ ಯಾರಿಗಾದರೂ ಹೇಳಿ ನಗುತ್ತಿದ್ದೆ. ನನ್ನನ್ನು ಅವರು ಚೆನ್ನಾಗಿಯೇ ಬಲ್ಲವರು.

ಇವತ್ತು ಸಂಜೆ ಸುಮಾಳ ಜೊತೆ ನಾನೂ ಬಡಾವಣೆಯ ಗುಡಿಗೆ ಹೊರಟೆ. ದಾರಿಯಲ್ಲಿದ್ದ ಮೆಡಿಕಲ್ ಸ್ಟೋರಿನ ಬೋರ್ಡನ್ನು ಒಂದೊಂದೇ ಅಕ್ಷರ ಹಿಡಿದು ಜೋರಾಗಿ ಓದಿದೆ. ಸುಮಾ ಸುತ್ತ ಯಾರಾದರೂ ಇದ್ದಾರೋ ಎಂದು ನೋಡಿದಳು. ಗುಡಿಯಲ್ಲಿ ಪ್ರದಕ್ಷಿಣೆ ಶುರುಮಾಡಿದೆವು. ಈಗ ಮಂಡಿನೋವು ನನ್ನ ಪಾಲಿಗೆ ಬಂದಿದೆ, ಗೋಡೆ ಹಿಡಿದೇ ನಡೆಯಬೇಕು. ಮೊದಲ ಮೂಲೆ ತಿರುಗಿದಾಗ, ಮುಂದಿನ ಮೂಲೆಯಲ್ಲಿ ಯಾರದೋ ನೂಲಿನ ಸೀರೆಯ ಸೆರಗು ಮರೆಯಾಯಿತು, ಪುಟ್ಟತ್ತೆ ಉಡುತ್ತಿದ್ದಂಥದ್ದೇ.

“ನಿಧಾನ ಅತ್ತೆ, ಏನವಸರ?” ಎಂದಳು ಸುಮಾ.

ಗೋಡೆ ಬಿಟ್ಟು, ನಾನು ಸ್ವಲ್ಪ ಬೇಗ ಬೇಗ ಹೆಜ್ಜೆ ಹಾಕಿದೆ.