ಒಂದೇ ಹೆಸರು, ಎರಡು ಸಿನಿಮಾ, ಒಬ್ಬ ಮಾವ

ಊರಿನ ಅರ್ಧ ಜನರ ದನಿ ನನ್ನ ಗಂಟಲಲ್ಲಿದೆ. ನನ್ನ ಸ್ವಂತದ್ದು ಮಾತ್ರ ನೆಗಡಿಯಾದ ಮೇಕೆಯದು. ಹೋದ ವರ್ಷದ ಆಯುಧಪೂಜೆಯಿಂದ ನಾನು ಹೆಚ್ಚು ತಾಲೀಮು ಮಾಡಿದ್ದು ಸೋದರಮಾವನ ದನಿಯನ್ನು. ಪ್ರೀತಿಯಿಂದಲ್ಲ.

ಇಬ್ಬರಿಗೂ ದಾಬಸ್‌ಪೇಟೆಯ ಒಂದೇ ಫ್ಯಾಕ್ಟರಿಯಲ್ಲಿ ಕೆಲಸ. ಮಾವ ಫಿಟ್ಟರು, ನಾನು ಪ್ಯಾಕಿಂಗು. ನಮ್ಮೂರು ಮಧುರೆಯಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಹಳೆ ಸಿನಿಮಾದ ಮಾತು ಬಂದರೆ ಮಾವ ಹೇಳಿದ್ದೇ ಕೊನೆ. ಆ ಆಯುಧಪೂಜೆಯ ದಿನ ಮೆಷಿನುಗಳಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದ ಮೇಲೆ ಶೆಡ್ಡಿನಲ್ಲಿ ನನ್ನ ಮಿಮಿಕ್ರಿ. ಆಗ ಓಡುತ್ತಿದ್ದ ಹೊಸ ಸಿನಿಮಾದ ಹೀರೋ ಕೊನೆಯಲ್ಲಿ ಹೊಡೆಯುವ ಡೈಲಾಗು ಹೊಡೆದೆ. ಚಪ್ಪಾಳೆ ಏಳುವಷ್ಟರಲ್ಲಿ ಮಾವ ಬಂದು ಮೈಕು ಕಿತ್ತುಕೊಂಡ.

"ಲೇ ಅಳಿಯ, ಆ ಹೆಸರಿನ ಸಿನಿಮಾ ಇರೋದು ಒಂದೇ ಕಣ್ಲಾ. ನಿಮ್ಮಪ್ಪಂಗೆ ಮೀಸೆ ಬರೋಕ್ ಮುಂಚೆ ಬಂದಿದ್ದು. ಕೊನೇಲಿ ಸಾವ್ಕಾರನ ಎದೆಗೆ ಒಂದೇ ಗುಂಡು, ಡಂ. ಆ ಹೀರೋ ನಿನ್ ಥರ ಒದರಲ್ಲ."

ಮಾರನೆಯ ದಿನದಿಂದ ನಾನು ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ ಯಾರಾದರೂ 'ಡಂ' ಎನ್ನುತ್ತಿದ್ದರು. ಎಲ್ಲರನ್ನೂ ಆಡಿಕೊಂಡು ಬದುಕಿದವನು ನಾನು, ಆಡಿಸಿಕೊಳ್ಳುವುದು ರೂಢಿಯಿರಲಿಲ್ಲ. ಮುಂದಿನ ವರ್ಷ ಮೈಕು ಸಿಗುವುದೂ ಅನುಮಾನವಾಯಿತು.

ಸೇಡು ತೀರಿಸಲೆಂದೇ ಆ ಹಳೆ ಸಿನಿಮಾವನ್ನು ಹುಡುಕಿ ಮೊಬೈಲಿನಲ್ಲಿ ನೋಡಿದೆ. ಹೆಸರು ಬಿಟ್ಟರೆ ಎರಡಕ್ಕೂ ನೆಂಟಸ್ತಿಕೆಯಿಲ್ಲ. ಹೊಸದರಲ್ಲಿ ಹೀರೋ ಬಂದರಿನ ಕಳ್ಳಸಾಗಣೆಗಾರ. ನಲವತ್ತು ಜನರನ್ನು ಕೊಂದರೂ ಕ್ರಾಪು ಕೆಡುವುದಿಲ್ಲ. ಹಳೆಯದರಲ್ಲಿ ಮೇಷ್ಟ್ರು. ಅಪ್ಪನ ಜಮೀನು ನುಂಗಿದ ಸಾವ್ಕಾರನ ಮನೆಗೆ ಕೋವಿ ಹಿಡಿದು ಹೋಗುತ್ತಾನೆ, ಎದೆಗೆ ಗುರಿಯಿಡುತ್ತಾನೆ, ಕೊನೆಗೆ ಆಕಾಶಕ್ಕೆ ಹಾರಿಸಿ ಕೋವಿಯನ್ನು ಬಾವಿಗೆ ಎಸೆಯುತ್ತಾನೆ. ಆಮೇಲೆ ಇಬ್ಬರೂ ಜಗಲಿಯ ಮೇಲೆ ಕೂರುತ್ತಾರೆ. ಒಂದು ನಿಮಿಷ ಮಾತೇ ಇಲ್ಲ. ಸೇಡಿನ ವಿಷಯದಲ್ಲಿ ನಾನು ಹೊಸ ಹೀರೋನ ಕಡೆ. ಆದರೆ ಎದೆಗೆ ಗುಂಡು ಎಲ್ಲಿ?

ಅವ್ವನನ್ನು ಕೇಳಿದೆ. "ಅವ್ನೆಲ್ಲಿ ನೋಡ್ದ? ನಾವೆಲ್ಲಾ ಟೆಂಟಿಗೆ ಹೋದಾಗ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟೋಕ್ ಬಂದಿತ್ತು, ಚಂದ್ರಿಕೆ ತಟ್ಟೆಗೆ ಬಿಡೋಕೆ ಅವ್ನೊಬ್ನೇ ಉಳ್ಕೊಂಡ. ಆಮೇಲೆ ರೇಡಿಯೋದಲ್ಲಿ ಸಿನಿಮಾದ ಮಾತು ಹಾಕಿದ್ರಲ್ಲ, ಹುಳುಮನೇಲಿ ಕೂತು ಅದನ್ನ ಕೇಳಿದ್ದು" ಎಂದಳು.

ರೇಡಿಯೋದಲ್ಲಿ ಡಂ ಎಂದಿದೆ, ಆಮೇಲೆ ಮೌನ. ಹುಳುಮನೆಯಲ್ಲಿ ಕೂತೇ ಮಾವ ಸಾವ್ಕಾರನನ್ನು ಕೊಂದುಬಿಟ್ಟಿದ್ದ. ಅವತ್ತು ನನಗೆ ಊಟ ರುಚಿಸಿತು.

ಈ ವರ್ಷದ ಆಯುಧಪೂಜೆಗೆ ಕೈಕಾಲು ಹಿಡಿದು ಐದು ನಿಮಿಷ ಮೈಕು ಪಡೆದೆ. ಮೊದಲು ಮಾವನ ದನಿಯಲ್ಲೇ ಆ ಕಥೆ ಹೇಳಿ 'ಡಂ' ಎಂದೆ. ಆಮೇಲೆ ಸುರಕ್ಷತೆಯ ವಿಡಿಯೋ ತೋರಿಸುವ ಟೀವಿಗೆ ಹಳೆಯ ದೃಶ್ಯ ಹಾಕಿ, ನಮ್ಮ ಮಾವ ಸಿನಿಮಾವನ್ನು ಕಿವಿಯಲ್ಲಿ ನೋಡಿದವನು ಎಂದು ಎಲ್ಲರಿಗೂ ತಿಳಿಸಿದೆ. ಶೆಡ್ಡು ಬಿದ್ದು ಬಿದ್ದು ನಕ್ಕಿತು. ಮಾವ ಎದ್ದು ಬಂದ. ನಾನು ಮೈಕನ್ನು ಎರಡೂ ಕೈಯಲ್ಲಿ ಹಿಡಿದೆ. ಅವನು ನನ್ನನ್ನು ದಾಟಿ ಟೀವಿಯ ಹತ್ತಿರ ನಿಂತ.

"ಸಾಯ್ಸಲ್ವೇನ್ಲಾ ಅವ್ನು?"

"ಇಲ್ಲ ಮಾವ."

"ಇನ್ನೊಂದ್ ಸಲ ಹಾಕು."

ಹಾಕಿದೆ. ನಗುತ್ತಿದ್ದವರೂ ಒಬ್ಬೊಬ್ಬರಾಗಿ ಟೀವಿಯ ಹತ್ತಿರ ಬಂದು ನಿಂತರು. ಅವನ ಬೈಗುಳಕ್ಕೂ ಸಿಡುಕಿಗೂ ನನ್ನಲ್ಲಿ ಉತ್ತರ ತಯಾರಿತ್ತು, ಅವನದೇ ದನಿಯಲ್ಲಿ. ಅವನು ಬೈಯಲೇ ಇಲ್ಲ. ವರ್ಷವಿಡೀ ಮಸೆದ ಮಚ್ಚು ಬದನೆಕಾಯಿ ಹೆಚ್ಚಲಿಕ್ಕೂ ಬರದಂತಾಯಿತು.

ಈಗ ಬಸ್ಸಿನಲ್ಲಿ ನನಗೆ ಯಾರೂ 'ಡಂ' ಎನ್ನುವುದಿಲ್ಲ. ಮಾವ ಅದೇ ಕಥೆಯನ್ನು ಹೊಸದಾಗಿ ಹೇಳುತ್ತಾನೆ, ತಾನೇ ಟೆಂಟಿನಲ್ಲಿ ನೋಡಿ ಬಂದವನ ಹಾಗೆ. ನನ್ನ ಸುದ್ದಿಯೇ ಎತ್ತುವುದಿಲ್ಲ. ಕೋವಿ ಬಾವಿಗೆ ಬಿದ್ದ ಮೇಲೆ ಮಾತು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಾನೆ. ಬಸ್ಸಿಗೆ ಬಸ್ಸೇ ಉಸಿರು ಹಿಡಿಯುತ್ತದೆ. ಕನ್ನಡಿಯ ಮುಂದೆ ನಿಂತು ಮಾವನ ಆ ಮೌನವನ್ನೂ ಮಾಡಿ ನೋಡಿದೆ. ಬರಲಿಲ್ಲ. ಅದಕ್ಕೂ ಅವನ ಮೇಲೆ ಸಿಟ್ಟಿದೆ.