ಹಲ್ಲಿನ ಕುರ್ಚಿ, ಊರಿನ ಕತ್ತು

ಆಗ ನನಗೆ ಎಪ್ಪತ್ತೊಂದು. ಈಗ್ಗೆ ಮೂರು ವರ್ಷದ ಮಾತು. ಕಾಕ್ಕನಾಡಿನ ನಮ್ಮ ಫ್ಲಾಟಿನ ನಡುಮನೆಯಲ್ಲಿ, ಟೀವಿಗೆ ಎದುರಾಗಿ, ದೇವರ ಗೂಡಿಗೆ ಓರೆಯಾಗಿ, ಹಲ್ಲಿನ ಡಾಕ್ಟರ ಕುರ್ಚಿಯೊಂದು ಕಾಲು ಚಾಚಿಕೊಂಡು ಬಿದ್ದಿತ್ತು. ಅದಕ್ಕೆ ಜಾಗ ಮಾಡಲು ಸೋಫಾ ಬಾಲ್ಕನಿಗೆ ಹೋಗಿತ್ತು, ಬಾಲ್ಕನಿಯ ತುಳಸಿ ಬಚ್ಚಲಿಗೆ ಹೋಗಿತ್ತು. ಸ್ನಾನಕ್ಕೆ ಹೋದವರೆಲ್ಲ ತುಳಸಿಗೂ ಒಂದು ಚೊಂಬು ನೀರು ಸುರಿದು, ಮೈಯ ಕೊಳೆಯ ಜೊತೆಗೆ ಪಾಪವನ್ನೂ ಕಳೆದುಕೊಂಡು ಈಚೆಗೆ ಬರುತ್ತಿದ್ದರು. ಕುರ್ಚಿಗೆ ಹಸಿರು ರೆಕ್ಸಿನ್ನು, ತಲೆ ಆನಿಸಲು ಒಂದು ಪುಟ್ಟ ದಿಂಬು, ಕೆಳಗೊಂದು ಪೆಡಲು. ಪೆಡಲು ಒತ್ತಿದರೆ ಕೂತವರು ಉಸ್ಸೆಂದು ಮೇಲಕ್ಕೇರುತ್ತಿದ್ದರು. ಇಷ್ಟು ಸಲೀಸಾಗಿ ಮೇಲೇರಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಮೈಸೂರು ಕಡೆಯವಳು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನನ್ನ ಮಗಳು ಶಾರದಾ ಪಾಲಾರಿವಟ್ಟದ ಬ್ಯಾಂಕೊಂದರಲ್ಲಿ ಆಫೀಸರು. ಅಳಿಯ ಕಣ್ಣೂರಿಗೆ ವರ್ಗವಾಗಿ, ವಾರಕ್ಕೊಮ್ಮೆ ಒಗೆಯುವ ಬಟ್ಟೆಯ ಚೀಲದ ಜೊತೆ ಬಂದು, ಒಗೆದ ಬಟ್ಟೆಯ ಚೀಲದ ಜೊತೆ ಹೋಗುತ್ತಿದ್ದ. ಮೊಮ್ಮಗಳು ಮೇಘಿ ಹಲ್ಲಿನ ಡಾಕ್ಟರಿಕೆ ಓದಿ ಮುಗಿಸಿದ್ದಳು. ಶಾರದಾ ಪಾಲಾರಿವಟ್ಟದ ಜಂಕ್ಷನ್ನಿನಲ್ಲಿ ಅವಳಿಗಾಗಿ ಒಂದು ಕೋಣೆ ಹಿಡಿದಿದ್ದಳು. ನಿವೃತ್ತಿಯಾದ ಡಾಕ್ಟರೊಬ್ಬರಿಂದ ಈ ಕುರ್ಚಿಯನ್ನೂ ತರಿಸಿದ್ದಳು. ಕೋಣೆಗೆ ಬಣ್ಣ ಬಳಿಯುವವನು ಇವತ್ತು ನಾಳೆ ಅನ್ನುತ್ತಿದ್ದುದರಿಂದ ಕುರ್ಚಿ ನಮ್ಮಲ್ಲೇ ಉಳಿಯಿತು. ಬ್ಯಾಂಕಿನ ವರ್ಗಾವಣೆಯಲ್ಲಿ ಊರೂರು ಸುತ್ತಿ ಪಾತ್ರೆ ಕಟ್ಟಿ ಬಿಚ್ಚಿ ಸಾಕಾದವಳು ಶಾರದಾ. ತನ್ನ ಮಗಳಾದರೂ ಒಂದು ಕಡೆ ಕೂರಲಿ ಅನ್ನುವುದು ಅವಳ ಆಸೆ. ಕೂರುವುದಕ್ಕೆ ಕುರ್ಚಿಯೂ ಬಂತು. ಅದರಲ್ಲಿ ಕೂರುವುದು ರೋಗಿ, ಡಾಕ್ಟರು ಪಕ್ಕದಲ್ಲಿ ಬಗ್ಗಿ ನಿಂತೇ ಸಾಯಬೇಕು ಅಂತ ನಾನು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಬೇಡವೆಂದವಳು ಮೇಘಿಯೇ. ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದು ಕೂತು, "ಅಜ್ಜಿ, ನಾನು ಹಲ್ಲು ನೋಡಲ್ಲ. ಎಪಿಡೆಮಿಯಾಲಜಿ ಓದ್ತೀನಿ, ಪಬ್ಲಿಕ್ ಹೆಲ್ತ್. ತಿರುವನಂತಪುರದಲ್ಲಿ," ಎಂದಳು.

"ಅದು ಯಾವ ಅಂಗದ್ದೇ?"

"ಯಾವ ಅಂಗದ್ದೂ ಅಲ್ಲ. ಒಬ್ಬರನ್ನ ನೋಡೋದಲ್ಲ ಅದು, ಊರನ್ನೇ ನೋಡೋದು. ರೋಗ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾಕೆ ಅಂತ."

"ಬಂದವರಿಗೆ ಔಷಧಿ?"

"ಅದು ಬೇರೆಯವರು ಕೊಡ್ತಾರೆ."

"ಹಾಗಾದ್ರೆ ನೀನು ಬರೀ ಚಾಡಿ ಹೇಳೋ ಡಾಕ್ಟ್ರು," ಎಂದೆ. ಅವಳು ನಕ್ಕಳೇ ಹೊರತು ಇಲ್ಲವೆನ್ನಲಿಲ್ಲ.

ಸಂದರ್ಶನಕ್ಕೆ ತಿರುವನಂತಪುರಕ್ಕೆ ಜೊತೆಯಾಗಿ ಹೋದವಳೂ ನಾನೇ. ಶಾರದಾಳಿಗೆ ದೇವಸ್ಥಾನಕ್ಕೆ ಅಂತ ಹೇಳಿದ್ದೆವು. ಇವಳು ಒಳಗೆ ಪರೀಕ್ಷಕರ ಮುಂದೆ ಮಾತಾಡಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿ, ದೇವರ ಬಾಗಿಲು ಮುಚ್ಚಿ, ನಾವು ಚಾಲೈ ಪೇಟೆಯ ಇಕ್ಕಟ್ಟಿನಲ್ಲಿ ಅರ್ಧ ಕೆಜಿ ಬೆಲ್ಲ ಕೊಂಡು ಅದನ್ನೇ ಪ್ರಸಾದವೆಂದು ಕಟ್ಟಿಸಿಕೊಂಡೆವು. ಮೂಟೆ ಹೊತ್ತವರು, ಈರುಳ್ಳಿ ಸಿಪ್ಪೆಯ ಮೇಲೆ ಜಾರುವವರು, ಬಾಯಿಗೆ ಕೈ ಅಡ್ಡ ಇಡದೆ ಕೆಮ್ಮುವವರು, ಆ ನೂಕುನುಗ್ಗಲಲ್ಲಿ ನಿಂತು ಮೇಘಿ ಕಣ್ಣರಳಿಸಿ, "ಅಜ್ಜಿ, ಇವರೆಲ್ಲ ನನ್ನ ಪೇಷಂಟು!" ಎಂದಳು.

"ಇಷ್ಟು ಜನಾನ ಎಲ್ಲಿ ಕೂರಿಸ್ತೀಯೇ? ಮನೇಲಿರೋದು ಒಂದೇ ಕುರ್ಚಿ."

ಬೆಲ್ಲವನ್ನು ಶಾರದಾ ಕಣ್ಣಿಗೊತ್ತಿಕೊಂಡು ತಿಂದಳು. ಸೀಟು ಸಿಕ್ಕಿದ ಸುದ್ದಿ ಬಂದ ದಿನ ಆ ಬೆಲ್ಲವೆಲ್ಲ ಅವಳ ಬಾಯಲ್ಲಿ ಬೇವಾಯಿತು. ಬರುತ್ತೇನೋ ಇಲ್ಲವೋ ಎಂದು ಮೇಘಿ ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಕೊಡದಿದ್ದರೆ ಸೀಟು ಇನ್ನೊಬ್ಬರಿಗೆ. ತಾಯಿ ಬ್ಯಾಗು ಮುಟ್ಟಗೊಡಳು. ಮಗಳು ಅನ್ನ ಮುಟ್ಟಳು. ಕೊನೆಗೆ ಶಾರದಾ ಕುರ್ಚಿಯ ಹಿಡಿಯನ್ನು ಬಡಿದು ಒಂದು ಷರತ್ತು ಹಾಕಿದಳು: "ಅದೇನು ಓದು ಅಂತ ಅಜ್ಜಿಗೆ ಅರ್ಥ ಮಾಡಿಸು. ಅವಳು ಹೂಂ ಅಂದ್ರೆ ಹೋಗು. ಇಲ್ಲದಿದ್ರೆ ಮಂಗಳವಾರ ಕ್ಲಿನಿಕ್ಕಿಗೆ ಬೋರ್ಡು ಬರೆಸೋಣ."

ನನ್ನ ತಲೆಗೆ ಏನೂ ಹೋಗುವುದಿಲ್ಲ ಎನ್ನುವ ಧೈರ್ಯದ ಮೇಲೆ ಹಾಕಿದ ಷರತ್ತು ಅದು. ನನಗೆ ಕೋಪ ಬರಲಿಲ್ಲ. ನನ್ನ ತಲೆಗೆ ಹೋಗದಿರುವಂಥವು ಬಹಳ ಇವೆ. ಹೋಗದೆ ಇದ್ದುದರಿಂದಲೇ ಅದು ಇನ್ನೂ ಗಟ್ಟಿಯಾಗಿದೆ.

ಅದೇ ವಾರ ನಮ್ಮ ಕಟ್ಟಡದಲ್ಲಿ ಹೆಂಗಸರ ಕತ್ತು ಹಿಡಿದುಕೊಳ್ಳತೊಡಗಿತ್ತು. ಮೊದಲು ಎದುರುಮನೆಯ ತಂಗಮ್ಮ ಚೇಚಿ, ಅಂದರೆ ಅಕ್ಕ, ಹೈಸ್ಕೂಲಿನಲ್ಲಿ ಹೆಡ್ಮಿಸ್ಟ್ರೆಸ್ ಆಗಿದ್ದವರು, ಲಿಫ್ಟಿನಲ್ಲಿ ನನ್ನನ್ನು ನೋಡಬೇಕಾದರೆ ಪೂರ್ತಿ ಮೈಯನ್ನೇ ಬಾಗಿಲು ತಿರುಗಿಸಿದ ಹಾಗೆ ತಿರುಗಿಸಿ, "ವಯ್ಯ ಅಮ್ಮೇ, ವಯ್ಯ," ಎಂದರು. ಆಗುತ್ತಿಲ್ಲ ಅಂತ ಅರ್ಥ. ಆಮೇಲೆ ಮೇಲಿನ ಮಹಡಿಯವರು, ಕೆಳಗಿನವರು, ಪಕ್ಕದ ಬ್ಲಾಕಿನವರು. ಸಂಜೆ ವಾಕಿಂಗಿಗೆ ಬರುವ ಹೆಂಗಸರೆಲ್ಲ ಮೆರವಣಿಗೆಯ ಬೊಂಬೆಗಳಂತೆ ಮುಖ ನೇರ ಇಟ್ಟುಕೊಂಡು ನಡೆಯುತ್ತಿದ್ದರು. ಪಕ್ಕದವಳ ಸೀರೆ ನೋಡಲಾಗದ ಸಂಕಟ ಬೇರೆ. ನಮ್ಮ ಶಾರದಾಳೂ ಕತ್ತಿಗೆ ಪಟ್ಟಿ ಕಟ್ಟಿಕೊಂಡು, "ಬ್ಯಾಂಕಿನ ಕಂಪ್ಯೂಟರಮ್ಮಾ," ಎಂದಳು.

ಎಲ್ಲರಿಗೂ ಒಂದೊಂದು ಕಾರಣವಿತ್ತು, ಗೆಳೆಯರೇ, ಒಬ್ಬರ ಕಾರಣ ಇನ್ನೊಬ್ಬರದಲ್ಲ. ತಂಗಮ್ಮನಿಗೆ ಮಗ ಹಾಕಿಸಿದ ಏಸಿ. ಮೇಲಿನವರಿಗೆ ಸೊಸೆ ತಂದ ದಿಂಬು. ಕೆಳಗಿನವರಿಗೆ ಯಾರದೋ ಕಣ್ಣು. ಮೇಘಿ ಮನೆಮನೆಗೆ ಹೋಗಿ, ಎಲ್ಲಿ ಮಲಗಿದಿರಿ, ಏನು ತಿಂದಿರಿ, ಯಾರ ಮನೆಗೆ ಹೋದಿರಿ ಎಂದು ಕೇಳಿದಾಗ, ಕತ್ತು ಹಿಡಿದುಕೊಂಡವರ ಮನೆಗಷ್ಟೇ ಅಲ್ಲ, ಚೆನ್ನಾಗಿದ್ದವರ ಮನೆಗೂ ಹೋಗಿ ಕೇಳಿದಾಗ, ಜನ ನಕ್ಕರು. ನಾನೂ ನಕ್ಕೆ. ಚೆನ್ನಾಗಿರುವವರನ್ನು ಹೋಗಿ ನೋಡುವ ಡಾಕ್ಟರನ್ನು ನೀವಾದರೂ ಕಂಡಿದ್ದೀರಾ?

ಭಾನುವಾರ ಮಧ್ಯಾಹ್ನ ನಾನು ಕುರ್ಚಿಯ ಮೇಲೆ ಎಂದಿನಂತೆ ಚಕ್ಕಳಮಕ್ಕಳ ಹಾಕಿ ಕೂತು ಅಲಸಂದೆ ಕಾಳು ಆರಿಸುತ್ತಿದ್ದೆ. ಶಾರದಾ ಪಟ್ಟಿ ಕಟ್ಟಿಕೊಂಡು ಎದುರಿಗೆ ಟೀವಿ ನೋಡುತ್ತಿದ್ದಳು. ಮೇಘಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು, ಅಡ್ಡ ಒಂದು ಗೀಟು, ಉದ್ದ ಒಂದು ಗೀಟು ಎಳೆದು, ನಾಲ್ಕು ಮನೆ ಮಾಡಿದಳು. ಚೌಕಾಬಾರ ಆಡೋಣ ಅನ್ನುತ್ತಾಳೆಂದುಕೊಂಡೆ. ಅವಳು ನನ್ನ ಮೊರದಿಂದ ಕಾಳು ಬಾಚಿಕೊಂಡು, "ಒಂದು ಕಾಳು ಒಬ್ಬರು. ಈ ಸಾಲು, ಕುರ್ಚೀಲಿ ಕೂತವರು. ಆ ಸಾಲು, ಕೂರದವರು. ಎಡಕ್ಕೆ ಕತ್ತು ಹಿಡಿದೋರು, ಬಲಕ್ಕೆ ಹಿಡೀದೋರು," ಎಂದಳು.

"ಯಾವ ಕುರ್ಚಿ?"

"ನೀನು ಕೂತಿದ್ದೀಯಲ್ಲ, ಅದೇ."

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಮನೆಗೆ ಬಂದವರನ್ನು ಇರುವುದರಲ್ಲಿ ಒಳ್ಳೆಯ ಆಸನದಲ್ಲಿ ಕೂರಿಸಬೇಕು. ಗ್ಯಾಸಿನವನಾದರೂ ಸರಿ, ಗವರ್ನರಾದರೂ ಸರಿ. ನಮ್ಮ ಮನೆಯಲ್ಲಿ ಈ ಕುರ್ಚಿಯಷ್ಟು ಒಳ್ಳೆಯದು ಬೇರೆ ಇರಲಿಲ್ಲ. ಬಂದವರನ್ನೆಲ್ಲ ಕೂರಿಸಿ, ಬೇಡವೆಂದರೂ ಹೆಗಲು ಹಿಡಿದು ಒರಗಿಸಿ, ತಲೆ ದಿಂಬಿಗೆ ಇಡಿಸಿ, ನಾನೇ ಪೆಡಲು ಒತ್ತಿ ಮೇಲೇರಿಸಿ, ಆ ಎತ್ತರದಲ್ಲಿ ಕಾಫಿ ಕೈಗೆ ಕೊಡುತ್ತಿದ್ದೆ. ಮರ್ಯಾದೆ ಅಂದರೆ ಹಾಗಿರಬೇಕು.

ಕಾಳು ಬೀಳತೊಡಗಿದವು. ಕೂತು ಹಿಡಿದುಕೊಂಡವರ ಮನೆ ತುಂಬಿತು. ಕೂರದೆ ಸುಖವಾಗಿದ್ದವರ ಮನೆಯೂ ತುಂಬಿತು. ಕೂರದೆ ಹಿಡಿದುಕೊಂಡವರ ಮನೆ ಖಾಲಿ. ಕೂತೂ ಹಿಡಿಯದವರ ಮನೆಯಲ್ಲಿ ಒಂದೇ ಒಂದು ಕಾಳು, ಮುದುರಿದ್ದು, ಹುಳ ಬಿದ್ದದ್ದು.

"ಅದ್ಯಾರೇ ದರಿದ್ರದ್ದು?"

"ನೀನೇ, ಅಜ್ಜಿ."

ನಾನು ಕಾಳನ್ನು ನೋಡಿದೆ. ಮೇಘಿ ನನ್ನನ್ನು ನೋಡಿದಳು, ತಲೆಯಿಂದ ಕಾಲಿನವರೆಗೆ, ಕಾಲಿನಿಂದ ತಲೆಗೆ; ಆಮೇಲೆ ಚಂಗನೆ ಎದ್ದು ನನ್ನ ಹಿಂದಿನ ದಿಂಬನ್ನು ಹಿಡಿದು ಅಲ್ಲಾಡಿಸಿದಳು. ಅದು ಟಕ್ಕೆಂದು ಎಡಕ್ಕೆ ವಾಲಿತು. ದಿನಾ ಏರಿಸಿ ಇಳಿಸಿ ಒಳಗಿನ ತಿರುಪು ಈಚೆಗೆ ಸವೆದಿತ್ತು. ತಲೆ ಇಟ್ಟು ಮೇಲೇರಿದವರ ಕತ್ತನ್ನೆಲ್ಲ ಅದು ತಿರುಚಿ ಕಳಿಸುತ್ತಿತ್ತು. ಚಕ್ಕಳಮಕ್ಕಳ ಹಾಕಿ ಕೂರುವ ನನ್ನ ತಲೆ ಒಂದು ದಿನವೂ ಅದಕ್ಕೆ ತಾಗಿರಲಿಲ್ಲ.

"ಒಬ್ಬೊಬ್ಬರನ್ನೇ ನೋಡಿದ್ರೆ ಬರೀ ಕತ್ತು ನೋವು ಕಾಣ್ಸುತ್ತೆ," ಎಂದಳು ಮೇಘಿ. "ಎಲ್ಲರನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಕುರ್ಚಿ ಕಾಣ್ಸುತ್ತೆ. ಅಷ್ಟೇ ಅಜ್ಜಿ, ನಾನು ಓದಬೇಕು ಅನ್ನೋದು."

ಅರ್ಥವಾಯಿತು. ಸಂತೋಷವೇನೂ ಆಗಲಿಲ್ಲ, ಕಾಫಿ ಕೊಟ್ಟ ಕೈಯಿಂದಲೇ ಊರಿನ ಕತ್ತು ಹಿಚುಕಿದ್ದೆನಲ್ಲ. ಆದರೆ ಆಗ ಇನ್ನೊಂದೂ ಹೊಳೆಯಿತು. ನಮ್ಮ ನೋವು ನಮ್ಮದೊಂದೇ ಅನ್ನುವುದರಲ್ಲಿ ನಮಗೆಲ್ಲ ಎಂಥ ಜಂಬ! ನನ್ನ ಮಂಡಿ, ನನ್ನ ಸೊಂಟ, ನನ್ನ ಹಣೆಬರಹ ಎಂದು ಬೀಗ ಹಾಕಿಟ್ಟುಕೊಳ್ಳುತ್ತೇವೆ. ಪಕ್ಕದವಳೂ ಅದೇ ಬೀಗ ಹಾಕಿಕೊಂಡು ಕೂತಿದ್ದಾಳೆಂದು ತಿಳಿದರೆ ಸಮಾಧಾನವಾಗುವ ಬದಲು ಅವಮಾನವಾಗುತ್ತದೆ. ಸಂಜೆ ವಿಷಯ ಕೇಳಿದ ತಂಗಮ್ಮ ಚೇಚಿ ಎರಡು ದಿನ ನನ್ನ ಮೇಲೆ ಮುನಿಸಿಕೊಂಡರು. ಕತ್ತು ತಿರುಚಿದ್ದಕ್ಕಲ್ಲ, ಮಗನ ಏಸಿಯ ಮೇಲೆ ಹೊರಿಸಿದ್ದ ಅಪವಾದವನ್ನು ವಾಪಸು ತೆಗೆದುಕೊಳ್ಳಬೇಕಾಯಿತಲ್ಲ ಎಂದು.

ಶಾರದಾ ಮಾತ್ರ ಬಿಡಲಿಲ್ಲ. ಖಾಲಿ ಮನೆಗೆ ಬೆರಳು ತೋರಿಸಿ, "ಇಲ್ಲಿ ಒಂದು ಕಾಳು ಹಾಕು. ನಾನು ಕೂತೇ ಇಲ್ಲ, ನಂಗೂ ಹಿಡಿದಿದೆ. ನಿನ್ನ ಲೆಕ್ಕ ಸುಳ್ಳು," ಎಂದಳು.

ಮೇಘಿಯ ಮುಖ ಬಾಡಿತು. ಕಾಳು ಹಿಡಿದ ಕೈ ಹಾಗೇ ನಿಂತಿತು.

"ಕೂತಿದ್ದೀಯ," ಎಂದೆ ನಾನು.

"ಯಾವಾಗಮ್ಮ?"

"ದಿನಾ ಸಂಜೆ, ಮೇಘಿ ಮನೇಲಿಲ್ಲದಾಗ. ಬ್ಯಾಂಕಿಂದ ಬಂದು, ಗಟ್ಟಿ ಇದೆಯಾ ನೋಡ್ತೀನಿ ಅಂತ ಒರಗಿ, ಕಣ್ಣು ಮುಚ್ಕೊಂಡು, ಬೋರ್ಡು ನೀಲಿ ಬಣ್ಣದ್ದಿರಲಿ ಅಂತಿದ್ದೆ. ಪೆಡಲು ಒತ್ತಿದೋಳು ನಾನೇ ಕಣೇ."

ಶಾರದಾ ತಲೆ ತಗ್ಗಿಸಬೇಕಿತ್ತು, ಪಟ್ಟಿ ಬಿಡಲಿಲ್ಲ. ತಲೆಯೆತ್ತಿಕೊಂಡೇ ಅತ್ತಳು. ಮೇಘಿ ಒಂದು ಕಾಳನ್ನು, ಒಳ್ಳೆಯದನ್ನೇ ಆರಿಸಿ, ತುಂಬಿದ ಮನೆಯಲ್ಲಿ ಉಳಿದವರ ಜೊತೆ ಇಟ್ಟಳು.

"ನಂಗೆ ಅರ್ಥ ಆಯ್ತು, ಹೂಂ ಅಂತಿದ್ದೀನಿ," ಎಂದೆ. "ಈಗ ನೀನು ತಲೆ ಆಡಿಸು."

"ಆಡಿಸೋಕೆ ಆಗಲ್ಲಮ್ಮ," ಎಂದಳು ಶಾರದಾ, ಅಳುವಿನಲ್ಲೇ ನಗು ಬಂದು, ನಕ್ಕಿದ್ದಕ್ಕೆ ಕತ್ತು ಚುಚ್ಚಿ, "ಹೋಗೇ, ಹಾಳಾದವಳೇ, ಹೋಗಿ ಓದು," ಎಂದು ಬಾಯಲ್ಲೇ ಹೇಳಿದಳು.

ಮೇಘಿ ಆ ಸಂಜೆಯೇ ಉತ್ತರ ಕಳಿಸಿದಳು. ಅವಳು ಒಂದು ಕಡೆ ಕೂರುವುದಿಲ್ಲ, ತಾಯಿಯ ಹಾಗೇ ಊರೂರು ಅಲೆಯುತ್ತಾಳೆ. ಆದರೆ ಇವಳನ್ನು ಯಾರೂ ವರ್ಗ ಮಾಡಲಿಲ್ಲ, ತಾನೇ ಹೊರಟಳು. ಕೂರಿಸುವುದೇ ಮರ್ಯಾದೆ ಎಂದು ಬಾಳೆಲ್ಲ ನಂಬಿದ್ದ ನಾನು ಕುರ್ಚಿಯನ್ನೇ ನೋಡುತ್ತ ಕೂತೆ. ಒಬ್ಬ ರೋಗಿಯನ್ನೂ ಕಾಣದೆ ಅದು ಹೋಗುತ್ತದಲ್ಲ ಅನ್ನಿಸಿತು. ಶಾರದಾ ತಿಂಗಳುಗಟ್ಟಲೆ ಬೇಡಿದ್ದಳು, ಅಮ್ಮ, ನಿನ್ನ ಅಲ್ಲಾಡುವ ಹಲ್ಲನ್ನು ಮೇಘಿಗೇ ಕೊಡು, ಮೊದಲ ಬೋಣಿ ನಿನ್ನದೇ ಆಗಲಿ ಎಂದು. ಕೊಡುವುದಿಲ್ಲ ಎಂದಿದ್ದೆ, ಉಳಿದಿರುವುದನ್ನು ದಾನ ಮಾಡುವ ಬುದ್ಧಿ ನನಗಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿಗೂ ಮುಂಚೆ ಕುರ್ಚಿ ಹತ್ತಿ ಚಕ್ಕಳಮಕ್ಕಳ ಹಾಕಿ, "ಬಾರೇ, ಊರಿನ ಡಾಕ್ಟ್ರೇ, ಅಷ್ಟು ವರ್ಷ ಓದಿದ್ದು ದಂಡವಾಗಬಾರದು," ಎಂದು ಬಾಯಿ ತೆರೆದೆ. ದಿಂಬನ್ನು ನಂಬುವಂತಿರಲಿಲ್ಲವಾದ್ದರಿಂದ ಶಾರದಾ ಹಿಂದೆ ನಿಂತು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಆನಿಸಿ ಹಿಡಿದಳು. ಬ್ಯಾಂಕಿಗೆ ಹೊತ್ತಾಯಿತು ಎಂದು ಗೊಣಗಿದಳೇ ಹೊರತು ಕೈ ಸಡಿಲಿಸಲಿಲ್ಲ. ಹಲ್ಲು ಬಂತು. ನೋವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿಗೆ ಹತ್ತಿ ಕಚ್ಚಿಕೊಂಡು ಕೆಳಗಿಳಿದೆ. ಬಾಲ್ಕನಿಯ ಸೋಫಾವನ್ನು ಒಂದು ಗೇಣು ಸರಿಸಿದೆ. ಬಚ್ಚಲಿಗೆ ಹೋಗಿ ತುಳಸಿಯ ಕುಂಡವನ್ನು ಎಳೆದು ತಂದು ಬಾಲ್ಕನಿಯಲ್ಲಿ ಅದರ ಹಳೆಯ ಜಾಗದಲ್ಲೇ ಇಟ್ಟೆ.