ಓಣಿಯ ಮಗ್ಗ ನಿಲ್ಲಿಸಿದ ಗಂಡಸು

ಇಳಕಲ್ಲಿನಲ್ಲಿ ಮಗ್ಗ ನಡೆಸುವವರು ಬೇಕಾದಷ್ಟು ಮಂದಿ ಇದ್ದಾರೆ. ಒಂದೇ ಗುಟುರಿಗೆ ಇಡೀ ಓಣಿಯ ಮಗ್ಗ ನಿಲ್ಲಿಸಿದ ಗಂಡಸು ಮಾತ್ರ ನಾನೊಬ್ಬನೇ.

ನನ್ನ ಹೆಂಡತಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಆಕೆ ಹುಬ್ಬಳ್ಳಿ ದವಾಖಾನೆಯಲ್ಲಿ ಮೊದಲ ಸಲ ಔಷಧ ಏರಿಸಿಕೊಂಡು ಮನೆಗೆ ಬಂದಿದ್ದಳು. ಆಕೆಗೆ ನಿದ್ದೆ ಹತ್ತಲೆಂದು ನಮ್ಮ ಎರಡು ಮಗ್ಗ ನಿಲ್ಲಿಸಿದೆ, ಆಚೀಚೆಯವರ ಮಗ್ಗವನ್ನೂ ಬಂದ್ ಮಾಡಿಸಿದೆ. ಮಗ, ಸೊಸೆ ತುದಿಗಾಲಲ್ಲಿ ಓಡಾಡಿದರು.

ಅರ್ಧ ತಾಸಿನಲ್ಲಿ ಆಕೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಏನ್ರೀ, ಓಣ್ಯಾಗ ಯಾರ್ ತೀರಿಕೊಂಡ್ರು?"

ನಮ್ಮಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಓಣಿಯಲ್ಲಿ ಯಾರಾದರೂ ಸತ್ತಾಗ ಮಾತ್ರ. ಅದು ನನಗೆ ಆಗ ನೆನಪಾಯಿತು.

"ಯಾರೂ ಇಲ್ಲ. ನಿನ್ನ ಸಲುವಾಗಿ ನಾನ ನಿಲ್ಲಿಸೇನಿ" ಎಂದೆ, ಮೀಸೆಯ ಮೇಲೆ ಕೈ ಇಟ್ಟುಕೊಂಡೇ.

"ಅಂದ್ರ ನಾ ಸತ್ತೇನೇನ್ರಿ? ಇನ್ನೂ ಐದು ಸಲ ಹುಬ್ಬಳ್ಳಿಗೆ ಹೋಗೂದೈತಿ. ನೀವೆಲ್ಲಾ ಹಿಂಗ ಮಾರಿ ಸಣ್ಣದ ಮಾಡ್ಕೊಂಡು ಕುಂತ್ರ, ನಾ ಯಾರ ಧೈರ್ಯದ ಮ್ಯಾಲ ಹೋಗ್ಲಿ? ಏಳ್ರಿ, ಮಗ್ಗಕ್ಕ ಕುಂದರ್ರಿ!"

ಸೊಸೆ ಅಳುತ್ತಲೇ ನಕ್ಕಳು. ಅಲ್ಲೇ ಕೆಲಸ ಹಂಚಿಕೊಂಡೆವು. ಬಸ್ಸಿನಲ್ಲಿ ಜೊತೆಗೆ ಮಗ ಹೋಗುವುದು, ನೂಲು ಸುತ್ತುವುದು ಸೊಸೆ, ರೊಟ್ಟಿ ಬಡಿಯುವುದು ನಾನು. ನನ್ನ ರೊಟ್ಟಿಯ ಕೀರ್ತಿ ಹುನಗುಂದದವರೆಗೂ ಹಬ್ಬಿದೆ, ತಿಂದವರು ಮಾತ್ರ ಬಾಯಿ ಬಿಡುವುದಿಲ್ಲ.

ಆ ಐದೂ ಸಲ ಹೋಗಿ ಬಂದಳು. ಈಗ ನಾನು ಮಗ್ಗ ಬಿಟ್ಟು ಎದ್ದರೆ ಸಾಕು, ಒಳಗಿನಿಂದ ಕೂಗು ಬರುತ್ತದೆ: "ಏನ್ರೀ, ಯಾರ್ ತೀರಿಕೊಂಡ್ರು?"

ಇಡೀ ಓಣಿ ನಿಲ್ಲಿಸಿದ ಗಂಡಸಿಗೆ ನೆಟ್ಟಗೆ ಅರ್ಧ ಕಪ್ ಚಹಾ ಕುಡಿಯಲು ಬಿಡುವಿಲ್ಲ, ನೋಡ್ರಿ.